ನೀರೊಳಗೆ ಪ್ಲಾಸ್ಮಾ: ಮೂರು ಫ್ಯೂಸ್ ಸುಟ್ಟ ಮೇಲೆ

ನೀರಿನೊಳಗೆ ಕರೆಂಟ್ ಹರಿಸಿ ಪ್ಲಾಸ್ಮಾ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಅನಿಲ, ಹೊತ್ತಿಸಲು ಹೊರಟಿದ್ದೆ. ಮೊದಲ ವಾರ ಲ್ಯಾಬಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ, ಫ್ಯೂಸ್ ಬದಲಾಯಿಸುವುದು. ಬೀಕರಿನಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಕರಗಿಸಿದ 400 ಮಿಲಿ ನೀರು, ನಡುವೆ ಕ್ಯಾಥೋಡ್ (ಋಣ ಧ್ರುವ) ಆಗಿ 2 ಮಿಮೀ ಟಂಗ್‌ಸ್ಟನ್ ಕಡ್ಡಿ, ಸುತ್ತ ಆನೋಡ್ (ಧನ ಧ್ರುವ) ಆಗಿ ಸ್ಟೀಲ್ ಜಾಲರಿ. ಡಿಸಿ ವೋಲ್ಟೇಜ್ ನಿಧಾನವಾಗಿ ಏರಿಸುತ್ತಿದ್ದೆ, ಕರೆಂಟೂ ಏರುತ್ತಿತ್ತು, 60 ವೋಲ್ಟ್ ಹತ್ತಿರ ಬಂದರೆ ಟಪ್. ಮೂರು ಸಲ ಹೀಗೇ ಆಯಿತು.

ತಪ್ಪು ನನ್ನ ತಲೆಯಲ್ಲಿತ್ತು. ಹೊಳೆಯುವುದು ನೀರಲ್ಲ, ಕಡ್ಡಿಯ ಸುತ್ತ ಕಟ್ಟಿಕೊಳ್ಳುವ ಹಬೆಯ ಪೊರೆ. ಚೆನ್ನಾಗಿ ಕಾದ ಕಾವಲಿಗೆ ನೀರು ಚಿಮುಕಿಸಿದರೆ ಹನಿ ತಳಕ್ಕೆ ಅಂಟದೆ ಗುಂಡಗೆ ಓಡಾಡುತ್ತಲ್ಲ, ಹೆಚ್ಚುಕಡಿಮೆ ಹಾಗೇ. ಪೊರೆ ಕಟ್ಟಿದ ಕೂಡಲೇ ನೀರಿಗೂ ಲೋಹಕ್ಕೂ ಸಂಪರ್ಕ ತಪ್ಪುತ್ತದೆ, ಕರೆಂಟ್ ದಿಢೀರನೆ ಇಳಿಯುತ್ತದೆ, ಹಾಕಿದ ವೋಲ್ಟೇಜಿನ ಬಹುಪಾಲು ಆ ತೆಳು ಪೊರೆಯ ಮೇಲೇ ಬೀಳುತ್ತದೆ. ಆಮೇಲೆ ಹೊತ್ತಿಕೊಳ್ಳದೆ ಏನು ಮಾಡೀತು! 1899ರಲ್ಲೇ ಜರ್ಮನ್ ಭೌತವಿಜ್ಞಾನಿ ವೇನೆಲ್ಟ್ ಇದೇ ಗುಣ ಬಳಸಿ ಕರೆಂಟನ್ನು ಪಟಪಟ ಕಡಿಯುವ ಇಂಟರಪ್ಟರ್ ಮಾಡಿದ್ದ.

ಹಾಗಾಗಿ ನೀರನ್ನು ಮೊದಲೇ 75 ಡಿಗ್ರಿಗೆ ಕಾಯಿಸಿಕೊಂಡೆ. ಬಿಸಿ ನೀರಲ್ಲಿ ಪೊರೆ ಬೇಗ ಕಟ್ಟುತ್ತದೆ. ಕಡ್ಡಿಗೆ ಅಲ್ಯೂಮಿನಾ (ಬಿಸಿ ತಡೆಯುವ ಪಿಂಗಾಣಿಯಂಥದ್ದು) ಕೊಳವೆ ತೊಡಿಸಿ ತುದಿಯಲ್ಲಿ 10 ಮಿಮೀ ಮಾತ್ರ ನೀರಿಗೆ ಬಿಟ್ಟೆ. ಕೊಳವೆ ಇಲ್ಲದೆ ಮಾಡಿದ ಮೊದಲ ಕಡ್ಡಿ ಇನ್ನೂ ನನ್ನ ಮೇಜಿನ ಮೇಲಿದೆ: ನೀರಿನ ಮಟ್ಟ ಇದ್ದ ಜಾಗದಲ್ಲೇ ಸವೆದು ಚೂಪು ಮಾಡಿದ ಪೆನ್ಸಿಲ್ ತರ ಆಗಿದೆ. ಕಡ್ಡಿ ಟಿಗ್ ವೆಲ್ಡಿಂಗಿನದೇ ಸಾಕು, ಆದರೆ ಹಸಿರು ತುದಿಯದ್ದು ತಗೊಳ್ಳಿ. ಕೆಂಪು ತುದಿಯದ್ದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಸುಮ್ನೆ ಯಾಕೆ ಬೇಕು?

ಈ ಸಲ 110 ವೋಲ್ಟಿಗೆ ಚಟಪಟ ಕಿಡಿ, 150ಕ್ಕೆ ಕಡ್ಡಿಯ ತುದಿ ಪೂರ್ತಿ ಬೆಳಕು. ಬಾಗಿಲಲ್ಲಿ ನಿಂತಿದ್ದ ಅಟೆಂಡರ್ "ಏನ್ ಸಾರ್, ನೀರಲ್ಲಿ ವೆಲ್ಡಿಂಗಾ?" ಅಂದರು. ಪೊಟ್ಯಾಸಿಯಂ ಅಂದರೆ ನೇರಳೆ ಬಣ್ಣ ಬರಬೇಕು ಅಲ್ವಾ, ಬಂದದ್ದು ಹಳೇ ಬೀದಿದೀಪದ ಹಳದಿ. ಬೀಕರನ್ನು ನಲ್ಲಿ ನೀರಲ್ಲಿ ತೊಳೆದಿದ್ದೆ. ಒಂಚೂರು ಸೋಡಿಯಂ ಇದ್ದರೂ ಅದರ 589 ನ್ಯಾನೋಮೀಟರ್ ಹಳದಿ ಬೆಳಕಿನ ಗೆರೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಒಂದು ಮಾತು ಜೋರಾಗಿ ಹೇಳುತ್ತೇನೆ, ಇದನ್ನು ಮನೆಯಲ್ಲಿ ಮಾಡಬೇಡಿ. ಮೇನ್ಸಿಗೆ ನೇರ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಸಾಧನ) ಮತ್ತು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವುದು) ಹಾಕಿದರೆ ಬೀಕರಿನ ನೀರೇ ಶಾಕ್ ಹೊಡೆಯುತ್ತದೆ, ಮೇನ್ಸಿನಿಂದ ನೇರ ಸಂಪರ್ಕ ತಪ್ಪಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಜೀವಂತ ಇರುತ್ತದೆ. ಹೈಡ್ರೋಜನ್, ಆಕ್ಸಿಜನ್ ಎರಡೂ ಬರುತ್ತವೆ, ಒಟ್ಟಿಗೆ ತುಂಬಿಕೊಂಡು ಕಿಡಿ ತಗುಲಿದರೆ ಸಿಡಿಯುತ್ತವೆ, ಅದಕ್ಕೇ ಫ್ಯೂಮ್ ಹುಡ್ (ಅನಿಲ ಹೊರಗೆಳೆಯುವ ಗಾಜಿನ ಗೂಡು) ಒಳಗೆ, ಮುಚ್ಚಳ ಇಲ್ಲದೆ. ಒಮ್ಮೆ ನೀರು ಎರಚದಿರಲಿ ಅಂತ ವಾಚ್ ಗ್ಲಾಸ್ (ಪುಟ್ಟ ಗಾಜಿನ ತಟ್ಟೆ) ಮುಚ್ಚಿದ್ದೆ, ಅದು ಢಬ್ ಅಂತ ಹಾರಿ ಹುಡ್ಡಿನ ಗಾಜಿಗೆ ಬಡಿಯಿತು.

ಸ್ಟೀಲ್ ಜಾಲರಿಯೂ ಕೈಕೊಟ್ಟಿತು. ಕೆಲವು ದಿನದಲ್ಲಿ ನೀರು ಹಳದಿ ತಿರುಗಿತು, ಸ್ಟೀಲಿನ ಕ್ರೋಮಿಯಂ ಕ್ರೋಮೇಟ್ ಆಗಿ ಕರಗುತ್ತಿತ್ತು. ಅದು ವಿಷ, ಸಿಂಕಿಗೆ ಚೆಲ್ಲುವ ಹಾಗಿಲ್ಲ. ಈಗ ಪ್ಲಾಟಿನಂ ಲೇಪಿಸಿದ ಟೈಟಾನಿಯಂ ಜಾಲರಿ ಹಾಕಿದ್ದೇನೆ. ಉಳಿದಿರುವ ತಲೆನೋವು ಬಿಸಿ. 150 ವೋಲ್ಟ್, ಒಂದೂವರೆ ಆಂಪಿಯರ್ ಅಂದರೆ 225 ವ್ಯಾಟ್, ಎರಡೂವರೆ ನಿಮಿಷಕ್ಕೆ ನೀರು 20 ಡಿಗ್ರಿ ಏರಿ ಕುದಿಯುವ ಹತ್ತಿರ ಬರುತ್ತದೆ. ಸದ್ಯಕ್ಕೆ ಬೀಕರನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಥರ್ಮಾಮೀಟರ್ ನೋಡುತ್ತಾ ಕೂತಿರುತ್ತೇನೆ.