ಆರು ಸಾಲಿನ ವರದಿ

ಕಾನೂನು ನೆರವು ಸಮಿತಿಯಿಂದ ಆ ಕಡತ ನನ್ನ ಮೇಜಿಗೆ ಬಂದಾಗ ಕಕ್ಷಿದಾರ ಜೈಲು ಸೇರಿ ಆರನೇ ವರ್ಷ. ಕೊಲೆ ಪ್ರಕರಣ, ಜೀವಾವಧಿ ಶಿಕ್ಷೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಅವನ ಮನೆಯಲ್ಲಿ ಜಪ್ತಾದ ಅಂಗಿಯ ಮೇಲೆ ರಕ್ತದ ಕಲೆ. ಪ್ರಯೋಗಾಲಯದ ವರದಿ ಎಣಿಸಿದರೆ ಆರು ಸಾಲು: ಮಾನವ ರಕ್ತ, ‘ಬಿ’ ಗುಂಪು. ಮೃತನದೂ ‘ಬಿ’. ಸೆಷನ್ಸ್ ತೀರ್ಪಿಗೆ ಅಷ್ಟು ‘ವೈಜ್ಞಾನಿಕ ಸಾಕ್ಷ್ಯ’ ಸಾಕಾಗಿತ್ತು.

ವರದಿ ಬರೆದವರು ಕಟಕಟೆ ಹತ್ತಿಯೇ ಇರಲಿಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ ಪ್ರಕಾರ ಸರ್ಕಾರಿ ತಜ್ಞರ ಕಾಗದವೇ ಸಾಕ್ಷ್ಯ. ನ್ಯಾಯಾಲಯಕ್ಕೆ ಬೇಕೆನಿಸಿದರಷ್ಟೇ ಅವರಿಗೆ ಕರೆ. ಹಿಂದಿನ ವಕೀಲರು ಕೇಳಿರಲಿಲ್ಲ. ಅವರನ್ನು ದೂರಲು ನನಗೆ ಬಾಯಿಲ್ಲ. ವೃತ್ತಿಯ ಮೊದಲ ಹತ್ತು ವರ್ಷ ನಾನೂ ಇಂಥ ವರದಿಗಳಿಗೆ ‘ತಕರಾರಿಲ್ಲ’ ಎಂದವನೇ.

ಈ ಸಲ ಮೇಲ್ಮನವಿಯ ಜೊತೆಗೆ 391ನೇ ಕಲಂ ಅಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಹಾಕಿದೆ. ‘ತಜ್ಞರನ್ನು ಕರೆಸಿ’ ಎಂದಷ್ಟೇ ಬರೆದಿದ್ದರೆ ವಜಾ ಆಗುತ್ತಿತ್ತು. ಪರೀಕ್ಷೆಯ ವರ್ಕ್‌ಶೀಟ್ ಕೇಳಿದೆ, ಮುದ್ದೆಮಾಲು, ಅಂದರೆ ಜಪ್ತಾದ ವಸ್ತು, ಸ್ವೀಕರಿಸಿದ ವಹಿಯ ನಕಲು ಕೇಳಿದೆ, ಜೊತೆಗೊಂದು ಪ್ರಶ್ನೆ: ಆರೋಪಿಯ ರಕ್ತದ ಗುಂಪು ಯಾವುದು? ಇಡೀ ಕಡತದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅರ್ಜಿ ಮಂಜೂರಾಯಿತು. ತಜ್ಞರು ಸಭ್ಯರು, ಸುಳ್ಳು ಹೇಳುವವರಲ್ಲ. ಫಲಿತಾಂಶ ಬಟ್ಟೆಯಿಂದಲೇ ಬಂದದ್ದಲ್ಲ ಎಂದು ಖಚಿತಪಡಿಸಲು ಒಣಗಿದ ಕಲೆಯ ಜೊತೆಗೆ ಅದೇ ಬಟ್ಟೆಯ ಕಲೆಯಿಲ್ಲದ ತುಂಡನ್ನೂ ಪರೀಕ್ಷಿಸಬೇಕು ಎಂದು ಪಾಟಿ ಸವಾಲಿನಲ್ಲಿ ಒಪ್ಪಿದರು.

“ಇಲ್ಲಿ ಪರೀಕ್ಷಿಸಿದ್ದೀರಾ?”

ಹಾಳೆ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. “ನಮೂದಿಲ್ಲ.”

“ಆರೋಪಿಯ ರಕ್ತದ ಮಾದರಿ?”

“ನಮಗೆ ಬಂದಿರಲಿಲ್ಲ.”

ಜೈಲಿನ ಆಸ್ಪತ್ರೆಯ ಚೀಟಿ ತರಿಸಿದೆವು. ಅವನದೂ ‘ಬಿ’. ನಮ್ಮ ಜನರಲ್ಲಿ ‘ಓ’ ಬಿಟ್ಟರೆ ಹೆಚ್ಚಾಗಿ ಕಾಣುವ ಗುಂಪೇ ಅದು. ಶಿಕ್ಷೆ ರದ್ದಾಯಿತು.

ಸುದ್ದಿ ಕೇಳಿ ಇನ್ನೊಬ್ಬ ಕೈದಿಯ ತಾಯಿ ಬಂದರು. ಕೈಯಲ್ಲಿ ಅದೇ ಬಗೆಯ ವರದಿ. ಆದರೆ ಮಗನ ಮೇಲ್ಮನವಿ ಎಂದೋ ವಜಾ ಆಗಿತ್ತು, ಸುಪ್ರೀಂ ಕೋರ್ಟಿನಲ್ಲೂ. ಸಹಿ ಬಿದ್ದ ತೀರ್ಪನ್ನು ಬರವಣಿಗೆಯ ತಪ್ಪು ತಿದ್ದುವುದರ ಹೊರತು ಮುಟ್ಟುವಂತಿಲ್ಲ ಎನ್ನುತ್ತಿತ್ತು 362ನೇ ಕಲಂ. ಅಮೆರಿಕದ ಟೆಕ್ಸಾಸ್‌ನಲ್ಲಿ 2013ರಿಂದ 11.073ನೇ ವಿಧಿ ಇದೆ: ಶಿಕ್ಷೆಗೆ ಆಧಾರವಾದ ವಿಜ್ಞಾನವನ್ನು ಹೊಸ ವಿಜ್ಞಾನ ಸುಳ್ಳಾಗಿಸಿದರೆ, ಮುಗಿದ ಪ್ರಕರಣದಲ್ಲೂ ಕೈದಿ ಮತ್ತೆ ಬಾಗಿಲು ತಟ್ಟಬಹುದು. ನಮ್ಮಲ್ಲಿ 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಹೊಸ ಸಂಹಿತೆ ಬಂತು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎಂದಿತು. ಒಳ್ಳೆಯದೇ. ಆದರೆ 293 ಹೋಗಿ 329 ಆಯಿತು, 362 ಹೋಗಿ 403 ಆಯಿತು. ವರದಿಗಳು ಹೆಚ್ಚುತ್ತವೆ, ಟೆಕ್ಸಾಸ್‌ನಂಥ ಬಾಗಿಲು ಮಾತ್ರ ಬರಲಿಲ್ಲ.

ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಹಾಕೋಣ ಎಂದೆ.

“ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತಲ್ಲವೇ ಸಾಹೇಬರೇ?” ಎಂದು ಆ ತಾಯಿ ಕೇಳಿದರು.

ಅರ್ಜಿಯನ್ನು ಬದಿಗಿಟ್ಟಿದ್ದೇನೆ. ಸದ್ಯ ಮಾಹಿತಿ ಹಕ್ಕಿನಡಿ ಆ ಪರೀಕ್ಷೆಯ ವರ್ಕ್‌ಶೀಟ್ ಕೇಳಿದ್ದೇನೆ.