ಕೈ ಕಟ್ಟಿ ನಿಂತ ಸಾಹೇಬ್ರು: ನನ್ನ ಅನುಭವ

ನಾನು ಅಗ್ನಿಶಾಮಕ ಠಾಣಾಧಿಕಾರಿ. ಬೆಂಕಿ ಬಿದ್ದ ಕಡೆ ಪೈಪ್ ಹಿಡಿಯದೆ, ಸುತ್ತ ನೋಡಿ ಹುಡುಗರಿಗೆ ಹೇಳುವ ಪದ್ಧತಿ ಶುರು ಮಾಡಿದ ಮೊದಲ ವರ್ಷ ನನ್ನ ಮೇಲೆ ಬಂದ ದೂರು ಒಂದೇ. "ಬೆಂಕಿ ಧಗಧಗ ಉರೀತಿದ್ರೂ ಠಾಣಾಧಿಕಾರಿ ಸುಮ್ನೆ ನಿಂತಿರ್ತಾರೆ." ಯಾರೋ ವಿಡಿಯೊ ಮಾಡಿ ಊರೆಲ್ಲ ಹಂಚಿದ್ದರು. ಮೇಲಿನವರು ಕರೆಸಿ ವಿವರಣೆ ಕೇಳಿದರು. ನಮ್ಮ ಲೀಡಿಂಗ್ ಫೈರ್‌ಮನ್ನೇ, "ಸಾರ್, ಗಾಡೀಲಿ ಹೋಗೋದೇ ಆರು ಜನ. ಅದರಲ್ಲಿ ಒಬ್ರು ಖಾಲಿ ಕೈ ಅಂದ್ರೆ ಹೇಗೆ?" ಅಂದಿದ್ದರು. ಈಗ ಅವರೇ ಬೇರೆ ಠಾಣೆಯವರಿಗೆ ಈ ಪದ್ಧತಿ ಹೇಳಿಕೊಡುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮದು ತೆಂಗಿನ ಸೀಮೆಯ ತಾಲ್ಲೂಕು ಠಾಣೆ. ಹುಲ್ಲಿನ ಬಣವೆ, ನಾರಿನ ಫ್ಯಾಕ್ಟರಿ, ಕೊಬ್ಬರಿ ಗೋದಾಮು, ಮಧ್ಯೆ ಮಧ್ಯೆ ಬಾವಿಗೆ ಬಿದ್ದ ಹಸು.

ಕೆಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಸುಮಾರು ಎಂಟು ವರ್ಷದ ಹಿಂದೆ ಒಂದು ಕೊಬ್ಬರಿ ಗೋದಾಮು ಹತ್ತಿಕೊಂಡಿತು. ಎಣ್ಣೆ ಮಾಲು, ಶಾಖ ಹೇಗಿರುತ್ತೆ ನಿಮಗೇ ಗೊತ್ತು. ನಾನೇ ಬ್ರಾಂಚ್, ಅಂದರೆ ಹೋಸ್ ತುದಿಯ ನೀರು ಚಿಮ್ಮುವ ನಳಿಕೆ, ಹಿಡಿದು ಮುಂದೆ ನಿಂತೆ. ಜನ "ಭೇಷ್" ಅಂದರು. ಬ್ರಾಂಚ್ ಹಿಡಿದವನಿಗೆ ಬ್ರಾಂಚ್ ತುದಿ ಬಿಟ್ಟರೆ ಇನ್ನೇನೂ ಕಾಣಲ್ಲ. 4,500 ಲೀಟರ್ ಟ್ಯಾಂಕು, ಎರಡು ಬ್ರಾಂಚು, ಐದಾರು ನಿಮಿಷಕ್ಕೆ ನೀರು ಖಾಲಿ. ಮತ್ತೆ ನೀರು ಎಲ್ಲಿಂದ ಅಂತ ಯಾರೂ ಯೋಚಿಸಿರಲಿಲ್ಲ. ಅಷ್ಟರಲ್ಲಿ ಬಿ.ಎ. ಸೆಟ್ (ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹಾಕುವ ಗಾಳಿ ಸಿಲಿಂಡರ್, ಮುಖವಾಡ) ಹಾಕಿಕೊಂಡು ನಮ್ಮ ಹುಡುಗನೊಬ್ಬ ಒಳಗೆ ಹೋಗಿದ್ದ. ಯಾವಾಗ ಹೋದ? ಯಾರಿಗೂ ಗೊತ್ತಿಲ್ಲ. "ಇಲ್ಲೇ ಇದ್ನಲ್ಲಾ ಸಾರ್" ಅಂತ ಮೂರು ಜನ ಮೂರು ಕಡೆ ಕೈ ತೋರಿಸಿದರು. ಗಾಳಿ ಮುಗಿಯುತ್ತಾ ಬಂದು ಸೆಟ್ಟಿನ ವಿಸಿಲ್ ಹೊಡೆದ ಮೇಲೆ ಅವನು ಹೋಸ್ ಸವರಿಕೊಂಡು, ತೆವಳುತ್ತಾ ತಾನೇ ಹೊರಗೆ ಬಂದ. ನಾವ್ಯಾರೂ ಕರೆದುಕೊಂಡು ಬಂದದ್ದಲ್ಲ. ಮೂರು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವತ್ತಿನಿಂದ ನಾನು ಪೈಪ್ ಮುಟ್ಟಲ್ಲ. ಗಾಡಿ ನಿಂತ ತಕ್ಷಣ ಹುಡುಗರು ಹೋಸ್ ಬಿಚ್ಚುತ್ತಾರೆ, ನಾನು ಕಟ್ಟಡ ಒಂದು ಸುತ್ತು ಹಾಕುತ್ತೇನೆ. ಒಂದು ನಿಮಿಷ, ಜಾಸ್ತಿ ಅಂದರೆ ಒಂದೂವರೆ. ಸುತ್ತಿ ಬಂದು ಮೂರೇ ಮಾತು ಹೇಳುತ್ತೇನೆ: ಬೆಂಕಿ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ, ನಾವು ಎಲ್ಲಿಗೆ ಹೋಗಬಾರದು. ಮೂರನೆಯದನ್ನೇ ಎರಡು ಸಲ ಹೇಳುತ್ತೇನೆ.

ಒಳಗೆ ಹೋದವರ ಲೆಕ್ಕ ಇಡುವುದಕ್ಕೆ ಕೈಯಿಂದ ಕಳೆದ ದುಡ್ಡು ಒಟ್ಟು ಮೂರೂವರೆ ಸಾವಿರ ಇರಬಹುದು. ಮೊದಲು ಸ್ಲೇಟು, ಬಳಪ. ನೀರು ಬಿದ್ದು ಅಳಿಸಿಹೋಯಿತು. ಆಮೇಲೆ ಮಾರ್ಕರ್ ಬೋರ್ಡು. ರಾತ್ರಿ ಹೊತ್ತು ಯಾವ ಅಕ್ಷರವೂ ಕಾಣಲ್ಲ. ಸೀಟಿಯ ಸಂಜ್ಞೆ ಮಾಡಿ ನೋಡಿದೆ, ಪಂಪಿನ ಸದ್ದಿನಲ್ಲಿ ಸೀಟಿ ಯಾರಿಗೆ ಕೇಳುತ್ತೆ? ಕೊನೆಗೆ ಪೇಟೆಯ ಪಾತ್ರೆ ಅಂಗಡಿಗೆ ಹೋದೆ. ಮದುವೆ ಪಾತ್ರೆಗೆ ಹೆಸರು ಕೊರೆಯುತ್ತಾರಲ್ಲ, ಅವರ ಹತ್ತಿರವೇ ಹದಿನಾಲ್ಕು ಸ್ಟೀಲ್ ಬಿಲ್ಲೆಗೆ ಹೆಸರು ಕೊರೆಸಿದೆ. ಒಂದಕ್ಕೆ ಸುಮಾರು ನಲವತ್ತು ರೂಪಾಯಿ. "ಯಾರ ಮದುವೆ ಸಾರ್?" ಅಂತ ಕೇಳಿದ ಪುಣ್ಯಾತ್ಮ. ಒಳಗೆ ಹೋಗುವವನು ಬಿಲ್ಲೆಯನ್ನು ಪಂಪ್ ಹತ್ತಿರ ನಿಂತ ಚಾಲಕರ ಕೈಗೆ ಕೊಡಬೇಕು. ಹೊರಗೆ ಬಂದವನು ವಾಪಸ್ ಇಸ್ಕೋಬೇಕು. ಕತ್ತಲಲ್ಲಿ ಬೆರಳಲ್ಲೇ ಎಣಿಸಬಹುದು. ದೊಡ್ಡ ನಗರದ ಠಾಣೆಗಳಲ್ಲಿ ಇದಕ್ಕೆ ಬೋರ್ಡೇ ಇರುತ್ತೆ, ನಮ್ಮಲ್ಲಿ ಇರಲಿಲ್ಲ ಅಷ್ಟೆ. ಜೊತೆಗೆ ಅಡುಗೆಮನೆಯ ಟೈಮರ್ ಒಂದು, ಹಾಲಿನ ಪ್ಯಾಕೆಟ್‌ನಲ್ಲಿ ಸುತ್ತಿದ್ದು. ಅದಕ್ಕೆ ಮುಂಚೆ ಎರಡು ನೀರು ಕುಡಿದು ಸತ್ತವು. ಬಿ.ಎ. ಸೆಟ್ಟಿನ ಸಿಲಿಂಡರ್ ಮೇಲೆ ಎಷ್ಟೇ ನಿಮಿಷ ಬರೆದಿರಲಿ, ಮೂಟೆ ಸರಿಸುತ್ತಾ ಕೆಲಸ ಮಾಡಿದರೆ ನಮ್ಮ ಹುಡುಗರಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಬಂದರೆ ಹೆಚ್ಚು. ನಾನು ಟೈಮರ್ ಇಡುವುದು ಹನ್ನೆರಡು ನಿಮಿಷಕ್ಕೆ.

ಎಲ್ಲಕ್ಕಿಂತ ಜಾಸ್ತಿ ವಿರೋಧ ಬಂದದ್ದು ಇನ್ನೊಂದು ನಿಯಮಕ್ಕೆ. ಯಾರು ಬೇಕಾದರೂ, ನಿನ್ನೆ ಸೇರಿದ ಹುಡುಗನೂ, "ಹೊರಗೆ" ಅಂದರೆ ಎಲ್ಲರೂ ಹೊರಗೆ ಬರಬೇಕು. ಯಾಕೆ ಅಂತ ಆಮೇಲೆ ಕೇಳೋಣ. ಶಿಸ್ತು ಹಾಳಾಗುತ್ತೆ ಅಂದರು. ಮೊದಲ ಸಲ ಹಾಗೇ ಆಯಿತು. ಹೊಸ ಹುಡುಗ ಏನೋ ಸದ್ದಿಗೆ ಹೆದರಿ ಕೂಗಿದ, ಎಲ್ಲ ಓಡಿ ಬಂದೆವು. ಬಿದ್ದದ್ದು ಒಂದು ಖಾಲಿ ಡ್ರಮ್ಮು. ಆ ಗಡಿಬಿಡಿಯಲ್ಲಿ ಇನ್ನೊಂದಷ್ಟು ನಾರು ಸುಟ್ಟುಹೋಯಿತು, ಮಾಲೀಕರು ಬೈದರು. ನಾನು ಆ ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ. ಠಾಣೆಗೆ ಬಂದು ಎಲ್ಲರ ಎದುರು ಅವನಿಗೇ ಮೊದಲ ಟೀ ಕೊಟ್ಟೆ. ಮುಂದಿನ ಬೇಸಿಗೆ ಒಂದು ಫರ್ನಿಚರ್ ಅಂಗಡಿ. ಇನ್ನೇನು ಶಟರ್ ಎತ್ತಬೇಕು, ಅದೇ ಹುಡುಗ ಕೂಗಿದ. ಶಟರ್ ಸಂದಿಯಲ್ಲಿ ಹೊಗೆ ಹೊರಗೆ ಬಂದು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಉಸಿರಾಡಿದ ಹಾಗೆ. ಎತ್ತಿದ್ದರೆ ಗಾಳಿ ಒಳಗೆ ನುಗ್ಗಿ ಬೆಂಕಿ ಒಮ್ಮೆಲೇ ಸಿಡಿದು ನಮ್ಮ ಮೇಲೇ ಬರುತ್ತಿತ್ತು. ಬಿಸಿ ಹೊಗೆ ಹೊರಗೆ ಹೋಗಲಿ ಅಂತ ಮೊದಲು ಮೇಲಿನ ಗವಾಕ್ಷಿ ಒಡೆಸಿದೆವು.

ಏಪ್ರಿಲ್ 14, ಅಗ್ನಿಶಾಮಕ ಸೇವಾ ದಿನಕ್ಕೆ ನಾವೆಲ್ಲ ಬಾವುಟ ಚುಚ್ಚಿಕೊಂಡು ಮೌನ ಆಚರಿಸುತ್ತೇವೆ. 1944ರಲ್ಲಿ ಅದೇ ದಿನ ಬೊಂಬಾಯಿ ಬಂದರಿನ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಜೊತೆಗೇ ಸ್ಫೋಟಕ ತುಂಬಿದ್ದರು. ಬೆಂಕಿ ಬಿದ್ದು ಹಡಗು ಸಿಡಿಯಿತು, ಆರಿಸಲು ಹೋಗಿದ್ದ 66 ಜನ ನಮ್ಮ ಅಗ್ನಿಶಾಮಕದವರು ಹೋದರು. ಮೌನ ಮುಗಿದ ಮೇಲೆ ನಾನು ಹುಡುಗರನ್ನು ಕೇಳುತ್ತೇನೆ: ಅವತ್ತು ನೀವು ಅಲ್ಲಿದ್ದಿದ್ದರೆ "ಹೊರಗೆ" ಅಂತ ಯಾವಾಗ ಕೂಗುತ್ತಿದ್ರಿ? ಪ್ರತಿ ವರ್ಷ ಜಗಳ ಆಗುತ್ತೆ.

ನನ್ನ ಸುತ್ತಾಟಕ್ಕೆ ಬೆಲೆ ಬಂದದ್ದು ಒಂದು ನಾರಿನ ಫ್ಯಾಕ್ಟರಿಯಲ್ಲಿ, ರಾತ್ರಿ ಎರಡರ ಸುಮಾರಿಗೆ. ಮಾಲೀಕರು, ಪಕ್ಕದವರು, ಎಲ್ಲರೂ "ಒಳಗೆ ಯಾರೂ ಇಲ್ಲ" ಅಂದರು. ಹಿಂದೆ ಹೋದರೆ ಒಂದು ಚಿಕ್ಕ ತಗಡಿನ ಬಾಗಿಲು. ಮುಂದೆ ಮೂರು ಜೊತೆ ಹವಾಯಿ ಚಪ್ಪಲಿ. ಒಂದರ ಪಟ್ಟಿಗೆ ಸೇಫ್ಟಿ ಪಿನ್ ಹಾಕಿತ್ತು. ನಮ್ಮ ಕಡೆ ಚಪ್ಪಲಿ ಹೊರಗಿದ್ದರೆ ಮನುಷ್ಯ ಒಳಗಿದ್ದಾನೆ ಅಂತಲೇ ಅರ್ಥ ಅಲ್ವಾ? ಮುಂದಿನ ಬ್ರಾಂಚನ್ನು ಹಿಂದಕ್ಕೆ ತರಿಸಿದೆ. ಅಟ್ಟದ ಮೇಲೆ ಮಲಗಿದ್ದ ಮೂವರು ಕೂಲಿಯವರನ್ನು ಇಳಿಸಿದೆವು. ಒಬ್ಬನಿಗೆ ಕನ್ನಡ ಬರಲ್ಲ, ಚಪ್ಪಲಿ ಬೇಕು ಅಂತ ಹಟ ಹಿಡಿದ. ಮುಂದಿನ ಷೆಡ್ಡು ಪೂರ್ತಿ ಹೋಯಿತು. ಅದಕ್ಕೂ ದೂರು ಬಂತು, ಬರಲಿ.

ಗುಂಪಿನಲ್ಲಿ ಕಟ್ಟಡದ ಒಳಗು ಗೊತ್ತಿರುವ ಒಬ್ಬನನ್ನು ಹತ್ತು ಸೆಕೆಂಡಿನಲ್ಲಿ ಹುಡುಕಲು ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಜನಕ್ಕೆ ಗೊತ್ತಾದರೆ ಕೆಲಸ ಮಾಡಲ್ಲ. ಠಾಣೆಗೆ ಬನ್ನಿ, ಹೇಳುತ್ತೇನೆ.

ಬಾವಿ ಕೆಲಸಕ್ಕೆ ಮಾತ್ರ ಈ ಪದ್ಧತಿ ಇನ್ನೂ ಕೂತಿಲ್ಲ. ನಾನು ಸುತ್ತು ಮುಗಿಸಿ ಬರುವಷ್ಟರಲ್ಲಿ ಊರವರೇ ಹಗ್ಗ ಇಳಿಬಿಟ್ಟಿರುತ್ತಾರೆ. ಹೋದ ತಿಂಗಳು ಹಸು ಮೇಲೆ ಬಂತು. ಅದನ್ನು ಎತ್ತಲು ಇಳಿದಿದ್ದ ಹುಡುಗನನ್ನು ಮೇಲೆ ತರಲು ಇನ್ನೊಂದು ಗಂಟೆ ಹಿಡಿಯಿತು. ಅವನಿಗೆ ಬಿಲ್ಲೆ ಇರಲಿಲ್ಲ, ಅವನು ಹಸುವಿನ ಯಜಮಾನನ ಮಗ.