ಆ ವರ್ಷ ಇವನಿಗಿಂತ ಚೆನ್ನಾಗಿ ಆಡಿದ್ದು ಯಾರು?

ನಮ್ಮ ಮನೆ ಇರುವುದು ಕ್ಲೀವ್‌ಲ್ಯಾಂಡ್ ಪಕ್ಕದಲ್ಲಿ. ಕ್ಯಾಂಟನ್‌ಗೆ ಕಾರಿನಲ್ಲಿ ಒಂದು ಗಂಟೆ ದಾರಿ. ಅಮೆರಿಕನ್ ಫುಟ್‌ಬಾಲ್‌ನ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಇರುವುದು ಅಲ್ಲೇ. 1920ರಲ್ಲಿ ಆ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್ ಹುಟ್ಟಿದ್ದೂ ಆ ಊರಿನ ಒಂದು ಕಾರ್ ಶೋರೂಮ್‌ನಲ್ಲಿ. 1963ರಲ್ಲಿ ಹಾಲ್ ತೆರೆಯಿತು. ಒಳಗೆ ಸಾಲು ಸಾಲಾಗಿ ಆಯ್ಕೆಯಾದವರ ಕಂಚಿನ ತಲೆಗಳನ್ನು ಇಟ್ಟಿದ್ದಾರೆ. ನಾನು ಮೊದಲ ಸಲ ಹೋದಾಗ ಆಟದ ನಿಯಮಗಳೇ ಅರ್ಧಂಬರ್ಧ ಗೊತ್ತಿದ್ದವು. ಆದರೂ ಆ ಮುಖಗಳ ಮುಂದೆ ತುಂಬ ಹೊತ್ತು ನಿಂತಿದ್ದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಈಗ ಆಡುತ್ತಿರುವವರಲ್ಲಿ ಯಾರ ಮುಖ ಇಲ್ಲಿಗೆ ಬರಬಹುದು?

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಬ್ಬ ಆಟಗಾರನಿಗೆ ಒಂದು ಹಾಳೆ. ಮೊದಮೊದಲು ಒಟ್ಟು ಲೆಕ್ಕವನ್ನು ಮಾತ್ರ ಬರೆಯುತ್ತಿದ್ದೆ. ಚೆಂಡನ್ನು ಎಷ್ಟು ಯಾರ್ಡ್ ಮುಂದೆ ಒಯ್ದ, ಎಷ್ಟು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದು), ಎಷ್ಟು ಸಲ ಪ್ರೊ ಬೌಲ್, ಅಂದರೆ ವರ್ಷದ ತಾರೆಯರ ಆಟಕ್ಕೆ ಆಯ್ಕೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದೇ ರೂಢಿ ಅಲ್ವಾ? ಹತ್ತು ಸಾವಿರ ರನ್ ಹೊಡೆದವನ ಬಗ್ಗೆ ಯಾರೂ ಎರಡು ಮಾತಾಡುವುದಿಲ್ಲ.

ಇಲ್ಲಿ ಆ ಲೆಕ್ಕ ಸಾಲುವುದಿಲ್ಲ. ಫ್ರಾಂಕ್ ಗೋರ್ 16 ಸೀಸನ್ ಆಡಿ 16,000 ಯಾರ್ಡ್ ಓಡಿದ. ಒಟ್ಟು ಓಟದಲ್ಲಿ ಇತಿಹಾಸದಲ್ಲೇ ಮೂರನೆಯವನು. ಟೆರೆಲ್ ಡೇವಿಸ್ ಓಡಿದ್ದು ಅದರ ಅರ್ಧಕ್ಕಿಂತ ಕಡಿಮೆ. ಮೊಣಕಾಲು ಕೈಕೊಟ್ಟು 78 ಲೀಗ್ ಪಂದ್ಯಗಳಿಗೇ ಆಟ ಮುಗಿಯಿತು. ಆದರೂ 2017ರಲ್ಲಿ ಹಾಲ್ ಒಳಗೆ ಹೋದ. ಯಾಕೆ? 1996ರಿಂದ 1998ರವರೆಗೆ ಸತತ ಮೂರು ವರ್ಷ ಅವನು ಆಲ್-ಪ್ರೊ ಮೊದಲ ತಂಡದಲ್ಲಿದ್ದ, ಅಂದರೆ ಪ್ರತಿ ಜಾಗಕ್ಕೂ ಆ ವರ್ಷ ಇಡೀ ಲೀಗ್‌ನಲ್ಲೇ ಅತ್ಯುತ್ತಮರು ಅಂತ ಆರಿಸಿದವರ ಪಟ್ಟಿಯಲ್ಲಿ. ಗೋರ್ ಒಂದು ವರ್ಷವೂ ಅಲ್ಲಿರಲಿಲ್ಲ.

ಇದು ತಿಳಿದ ಮೇಲೆ ಪ್ರತಿ ಹಾಳೆಗೂ ಒಂದು ಹೊಸ ಕಾಲಮ್ ಹಾಕಿದೆ. ಆ ವರ್ಷ, ಅದೇ ಜಾಗದಲ್ಲಿ, ಇವನಿಗಿಂತ ಚೆನ್ನಾಗಿ ಆಡಿದ್ದು ಯಾರು? ಪ್ರತಿ ಜನವರಿಯಲ್ಲಿ ಸೀಸನ್ ಮುಗಿದ ಮೇಲೆ ಕೂತು ಅದನ್ನು ತುಂಬುತ್ತೇನೆ. ಯಾರ ಹೆಸರೂ ಹೊಳೆಯದಿದ್ದರೆ ಖಾಲಿ ಬಿಡುತ್ತೇನೆ. ಖಾಲಿ ಜಾಗ ಐದು ಇದ್ದರೆ ಅವನು ಕ್ಯಾಂಟನ್‌ಗೆ ಹೋಗುತ್ತಾನೆ ಅಂತ ನನ್ನ ನಂಬಿಕೆ. ಮೂರಿದ್ದರೆ ವಾದಕ್ಕೆ ಜಾಗ ಇದೆ. ಪ್ರೊ ಬೌಲ್ ಲೆಕ್ಕವನ್ನು ಈಗ ಜಾಸ್ತಿ ನಂಬುವುದಿಲ್ಲ. ಯಾರೋ ಬರದಿದ್ದರೆ ಆ ಜಾಗಕ್ಕೆ ಇನ್ನೊಬ್ಬನನ್ನು ಕರೆಯುತ್ತಾರೆ, ಅದೂ ಲೆಕ್ಕಕ್ಕೆ ಸೇರುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಬಾಗಿಲೇ ಅಷ್ಟು ಕಿರಿದು. ಆಟ ಬಿಟ್ಟು ಐದು ವರ್ಷ ಕಾಯಬೇಕು. ಆಮೇಲೆ ಸುಮಾರು 50 ಜನ ಮತ ಹಾಕುತ್ತಾರೆ. ಅವರಲ್ಲಿ ನೂರಕ್ಕೆ 80ರಷ್ಟು ಜನ ಒಪ್ಪಬೇಕು. 2025ರಲ್ಲಿ ಒಳಗೆ ಹೋದವರು 4 ಜನ ಮಾತ್ರ.

ಕಾಲಮ್ ತುಂಬುವುದು ಸುಲಭವಲ್ಲ. ಅದರಲ್ಲೂ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಲೈನ್‌ಮನ್‌ಗಳದ್ದು ತುಂಬ ಕಷ್ಟ. ಅವರಿಗೆ ಯಾರ್ಡ್ ಇಲ್ಲ, ಟಚ್‌ಡೌನ್ ಇಲ್ಲ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಇವರನ್ನು ತೋರಿಸುವುದೇ ಇಲ್ಲ. ನಾನು ನೋಡುವುದನ್ನು ಕಲಿತದ್ದು ನಮ್ಮ ಬ್ರೌನ್ಸ್ ತಂಡದ ಜೋ ಥಾಮಸ್‌ನಿಂದ. ಪಂದ್ಯ ರೆಕಾರ್ಡ್ ಮಾಡಿಕೊಂಡು, ಎರಡನೇ ಸಲ ನೋಡುವಾಗ ಚೆಂಡನ್ನು ಬಿಟ್ಟು ಅವನ ಕಾಲುಗಳನ್ನೇ ನೋಡುತ್ತಿದ್ದೆ. ಎದುರಾಳಿ ಒಳಗೆ ನುಗ್ಗಲಿ, ಹೊರಗೆ ಸುತ್ತಲಿ, ಥಾಮಸ್ ಎಡವುತ್ತಿರಲಿಲ್ಲ. ಹಿಂದೆ ನಿಂತು ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ವರ್ಷ ವರ್ಷ ಬದಲಾಗುತ್ತಿದ್ದ. ತಂಡ ಸೋಲುತ್ತಲೇ ಇತ್ತು. ಅವನು ಒಂದು ಪ್ಲೇ ಆಫ್ ಪಂದ್ಯವನ್ನೂ ಆಡಲಿಲ್ಲ. ಆದರೆ 2007ರಿಂದ 2017ರವರೆಗೆ ಒಂದನ್ನೂ ತಪ್ಪಿಸದೆ ಸತತ 10,363 ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಸರದಿ) ಆಡಿದ. 2023ರಲ್ಲಿ ಮೊದಲ ಅವಕಾಶದಲ್ಲೇ ಒಳಗೆ ಹೋದ. ಸೋಲುವ ತಂಡದವನನ್ನು ಹಾಲ್ ಮರೆಯುತ್ತದೆ ಅನ್ನುವವರಿಗೆ ನಾನು ಅವನ ಹಾಳೆ ತೋರಿಸುತ್ತೇನೆ.

ಈಗಿನ ಲೈನ್‌ಮನ್‌ಗಳಲ್ಲಿ ಟ್ರೆಂಟ್ ವಿಲಿಯಮ್ಸ್ ಹಾಳೆ ನನಗೆ ತುಂಬ ಇಷ್ಟ. 2010ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದ. ಅಲ್ಲಿದ್ದಷ್ಟು ದಿನ ಆಲ್-ಪ್ರೊ ಮೊದಲ ತಂಡ ಸಿಗಲೇ ಇಲ್ಲ. ಅವನ ಕಾಲಮ್‌ನಲ್ಲಿ ಪದೇ ಪದೇ ಥಾಮಸ್ ಹೆಸರು, ನಡುವೆ ಟೈರನ್ ಸ್ಮಿತ್ ಹೆಸರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ. 2021, 2022, 2023, ಮೂರೂ ವರ್ಷ ಖಾಲಿ. 33 ದಾಟಿದ ಮೇಲೆ! ಮೂರೇ ಖಾಲಿ ಇದ್ದರೂ ಇವನ ವಿಷಯದಲ್ಲಿ ನನಗೆ ಅನುಮಾನ ಇಲ್ಲ. ಮೊದಲಿನ ವರ್ಷಗಳಲ್ಲಿ ಇವನಿಗಿಂತ ಮೇಲು ಅಂತ ಬರೆದ ಹೆಸರುಗಳು ಅಂಥವು.

ಡಿಫೆನ್ಸ್ ಆಟಗಾರ ಮೈಲ್ಸ್ ಗ್ಯಾರೆಟ್ ಹಾಳೆಯಲ್ಲಿ 2021ಕ್ಕೆ ಟಿ.ಜೆ. ವಾಟ್ ಅಂತ ಬರೆದಿದ್ದೇನೆ. ಆ ವರ್ಷ ವಾಟ್ 22.5 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಮಾಡಿ ಹಳೆಯ ದಾಖಲೆ ಸರಿಗಟ್ಟಿದ್ದ. 2023 ಮಾತ್ರ ತುಂಬ ತಲೆ ತಿಂದಿತು. ವಾಟ್ 19, ಗ್ಯಾರೆಟ್ 14. ಆದರೆ ವರ್ಷದ ಡಿಫೆನ್ಸ್ ಆಟಗಾರನ ಪ್ರಶಸ್ತಿ ಗ್ಯಾರೆಟ್‌ಗೆ ಬಂತು. ಮತ್ತೆ ಕೂತು ಪಂದ್ಯಗಳನ್ನು ನೋಡಿದೆ. ಗ್ಯಾರೆಟ್ ಎದುರು ಇಬ್ಬರು ನಿಲ್ಲುತ್ತಿದ್ದರು, ಕೆಲವೊಮ್ಮೆ ಮೂರನೆಯವನೂ ಬಂದು ತಳ್ಳುತ್ತಿದ್ದ. ಅವನು ಮುಟ್ಟದಿದ್ದರೂ ಕ್ವಾರ್ಟರ್‌ಬ್ಯಾಕ್ ಅವಸರದಲ್ಲಿ ಚೆಂಡು ಎಸೆಯುತ್ತಿದ್ದ. ಆ ಜಾಗ ಖಾಲಿ ಬಿಟ್ಟೆ. 2025ರಲ್ಲಿ ಯೋಚನೆಯೇ ಬೇಕಾಗಲಿಲ್ಲ. 23 ಸ್ಯಾಕ್, ಹೊಸ ದಾಖಲೆ.

ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಬಗ್ಗೆ ಬರೆಯುವುದೇ ಬೇಡ. ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು, ಎರಡು ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಪ್ರಶಸ್ತಿ. ಇವತ್ತೇ ಬಿಟ್ಟರೂ ಹೋಗುತ್ತಾನೆ. ಎಸೆದ ಚೆಂಡು ಹಿಡಿಯುವ ರಿಸೀವರ್‌ಗಳ ವಿಷಯದಲ್ಲಿ ಅವಸರ ಮಾಡುವುದಿಲ್ಲ. ಜಸ್ಟಿನ್ ಜೆಫರ್ಸನ್ ಮೊದಲ ಐದು ಸೀಸನ್‌ನಲ್ಲಿ 7,432 ಯಾರ್ಡ್ ಮಾಡಿದ, ಅಷ್ಟನ್ನು ಬೇರೆ ಯಾರೂ ಮಾಡಿರಲಿಲ್ಲ. ಆದರೆ 2021ರಿಂದ ಸೀಸನ್‌ಗೆ 17 ಪಂದ್ಯ ಆಗಿದೆ, ಪಾಸ್ ಜಾಸ್ತಿ ಆಗಿದೆ. ಸತತ ಆರು ವರ್ಷ 1,300 ಯಾರ್ಡ್ ದಾಟಿದ ಟೋರಿ ಹೋಲ್ಟ್‌ನಂಥವನೇ ವರ್ಷಗಟ್ಟಲೆ ಬಾಗಿಲಲ್ಲಿ ಕಾದಿದ್ದಾನೆ.

ನಾನು ತಪ್ಪಿದ್ದು ನಿಕ್ ಚಬ್ ಹಾಳೆಯಲ್ಲಿ. 2018ರಲ್ಲಿ ನಮ್ಮ ತಂಡಕ್ಕೆ ಬಂದ ಹುಡುಗ. ಮೊದಲ ಐದು ಸೀಸನ್‌ನಲ್ಲೂ ಒಂದು ಓಟಕ್ಕೆ ಐದು ಯಾರ್ಡ್‌ಗೆ ಕಡಿಮೆ ಇಲ್ಲ. ಟಚ್‌ಡೌನ್ ಮಾಡಿದರೂ ಕುಣಿಯುತ್ತಿರಲಿಲ್ಲ, ಸುಮ್ನೆ ಬೆಂಚಿಗೆ ನಡೆದು ಬರುತ್ತಿದ್ದ. ಅವನ ಮೇಲಿನ ಪ್ರೀತಿಗೆ ಕಾಲಮ್ ಪೂರ್ತಿ ಖಾಲಿ ಬಿಟ್ಟಿದ್ದೆ. 2023ರ ಸೆಪ್ಟೆಂಬರ್ 18, ಪಿಟ್ಸ್‌ಬರ್ಗ್‌ನಲ್ಲಿ ಸೋಮವಾರ ರಾತ್ರಿಯ ಪಂದ್ಯ. ಅವನ ಮೊಣಕಾಲು ಹೋಯಿತು. ಟಿವಿಯವರು ಅದನ್ನು ಎರಡನೇ ಸಲ ತೋರಿಸಲಿಲ್ಲ.

ಕೆಲವು ವಾರ ನೋಟ್‌ಬುಕ್ ತೆಗೆಯಲಿಲ್ಲ. ಕೊನೆಗೆ ಒಂದು ರಾತ್ರಿ ತೆಗೆದು, ಬರೆಯಬೇಕಾದ್ದನ್ನು ಬರೆದೆ. 2019, ಡೆರಿಕ್ ಹೆನ್ರಿ. 2020, ಹೆನ್ರಿ, 2,027 ಯಾರ್ಡ್. 2022, ಜಾಶ್ ಜೇಕಬ್ಸ್. ಹೆನ್ರಿಯದು ಪಕ್ಕದ ಹಾಳೆ. 2024ರಲ್ಲಿ, 30ನೇ ವಯಸ್ಸಿನಲ್ಲಿ, ಬಾಲ್ಟಿಮೋರ್‌ಗೆ ಆಡುತ್ತಾ ಅವನು 1,921 ಯಾರ್ಡ್ ಓಡಿದ. ಅವನು ಕ್ಯಾಂಟನ್‌ಗೆ ಹೋಗುತ್ತಾನೆ. ಆ ದಿನ ನಾನೂ ಅಲ್ಲಿರುತ್ತೇನೆ, ಚಬ್ ಹೆಸರಿನ ಜೆರ್ಸಿ ಹಾಕಿಕೊಂಡು.